ಸ್ಟೀರಿಂಗ್ ರ‍್ಯಾಕ್ ಸೋರಿಕೆ: ಕಣ್ಣಾರೆ ಕಂಡು ನಿರ್ಧರಿಸೋಣ

ಬೇಸಿಗೆ ರಜೆ ಸಮೀಪಿಸಿತೆಂದರೆ ಚೆನ್ನೈನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಊರಿಗೆ ಹೊರಡುವ ಮಾತು ಆರಂಭವಾಗುತ್ತದೆ. ಉಪನಯನ, ಮದುವೆ, ಗೃಹಪ್ರವೇಶ, ಊರದೇವರ ಜಾತ್ರೆ – ಯಾವುದಾದರೊಂದು ಕಾರಣ ಇದ್ದೇ ಇರುತ್ತದೆ. ರೈಲಿನಲ್ಲಿ ಸ್ಥಳ ಸಿಗದವರು ಮನೆಯ ಕಾರಿನಲ್ಲೇ ಶ್ರೀಪೆರುಂಬುದೂರು, ವೇಲೂರು, ಕೃಷ್ಣಗಿರಿ, ಹೊಸೂರು ಮಾರ್ಗವಾಗಿ ಬೆಂಗಳೂರಿನತ್ತ ಹೊರಡುತ್ತಾರೆ. ಸುಮಾರು 350 ಕಿಲೋಮೀಟರುಗಳ ಹಾದಿ. ಹೊರಡುವ ಮುನ್ನ ಟೈರಿನ ಗಾಳಿ ನೋಡುತ್ತೇವೆ, ಇಂಜಿನ್ ಆಯಿಲ್ ನೋಡುತ್ತೇವೆ, ಬ್ರೇಕ್ ಒತ್ತಿ ನೋಡುತ್ತೇವೆ. ಆದರೆ ಇಡೀ ಕುಟುಂಬದ ಕ್ಷೇಮ ಯಾವುದರ ಮೇಲೆ ನಿಂತಿದೆಯೋ ಆ ಸ್ಟೀರಿಂಗಿನ ಕೆಳಗೆ ಬಗ್ಗಿ ನೋಡುವವರು ವಿರಳ. ನಾವೂ ನೋಡಿರಲಿಲ್ಲ. ಅದರ ಫಲವನ್ನು ಒಂದಲ್ಲ, ಎರಡು ಬಾರಿ ಅನುಭವಿಸಿದೆವು. ಆ ಅನುಭವದಿಂದ ಕಲಿತದ್ದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಎರಡು ತಪ್ಪುಗಳು

ಮೊದಲನೆಯದು 2021ರ ಮಾತು. ಕಾರು ನಿಲ್ಲಿಸುವ ಸ್ಥಳದಲ್ಲಿ ಕೆಂಪು ಎಣ್ಣೆಯ ಕಲೆ ಕಾಣಿಸಿತು. ಕಾರನ್ನು ಒಂದು ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿನವರು ಬಾನೆಟ್ ತೆಗೆದು ಇಣುಕಿ ನೋಡಿ, ಐದು ನಿಮಿಷದಲ್ಲಿ “ರ‍್ಯಾಕ್ ಪೋಚ್ಚು ಸಾರ್” ಎಂದು ತೀರ್ಪು ಕೊಟ್ಟರು. ರ‍್ಯಾಕ್ ಪೂರ್ತಿ ಹೋಯಿತು, ಹೊಸದನ್ನೇ ಹಾಕಬೇಕು ಎಂಬುದು ಅದರ ಅರ್ಥ. ಅವರು ಹೇಳಿದ ಮೊತ್ತ ಕೇಳಿ ಎದೆ ಝಲ್ಲೆಂದಿತು. ನೆರೆಮನೆಯವರ ಸಲಹೆಯಂತೆ ಮತ್ತೊಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆವು. ಅವರು ಎಣ್ಣೆ ಮೆತ್ತಿದ್ದ ಭಾಗವನ್ನೆಲ್ಲ ಒರೆಸಿ, ಇಂಜಿನ್ ಚಾಲೂ ಮಾಡಿಸಿ, ಟಾರ್ಚ್ ಹಿಡಿದು ಕಾಲು ಗಂಟೆ ಕಾದರು. ಎಣ್ಣೆ ಬರುತ್ತಿದ್ದುದು ರ‍್ಯಾಕಿನಿಂದಲ್ಲ, ಅದರ ಮೇಲ್ಭಾಗದಲ್ಲಿ ಹಾದುಹೋಗುವ ಒಂದು ಹಳೆಯ ರಬ್ಬರ್ ಹೋಸ್ ಪೈಪಿನಿಂದ! ಅಲ್ಲಿಂದ ಜಿನುಗಿದ ಎಣ್ಣೆ ರ‍್ಯಾಕಿನ ಮೇಲೆ ಹರಿದು ಕೆಳಗೆ ತೊಟ್ಟಿಕ್ಕುತ್ತಿತ್ತು. ಪೈಪು ಮತ್ತು ಕ್ಲಿಪ್ಪು ಬದಲಾಯಿಸಿದೊಡನೆ ಸೋರಿಕೆ ನಿಂತಿತು.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದದ್ದು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈನ ಅನೇಕ ಬಡಾವಣೆಗಳು ಜಲಾವೃತವಾದಾಗ ನಮ್ಮ ಕಾರಿನ ಚಕ್ರಗಳೂ ಅರ್ಧದವರೆಗೆ ನೀರಿನಲ್ಲಿ ನಿಂತಿದ್ದವು. ಇಂಜಿನ್ನಿಗೆ ನೀರು ನುಗ್ಗಲಿಲ್ಲವೆಂದು ಸಮಾಧಾನಪಟ್ಟೆವು. ಎರಡು ತಿಂಗಳ ನಂತರ ಮತ್ತೆ ಕೆಂಪು ಕಲೆ ಕಾಣಿಸಿತು. ಒಮ್ಮೆ ಬೆದರಿಸಿದ್ದರಲ್ಲವೇ, ಇದೂ ಪೈಪೇ ಇರಬೇಕೆಂದು ನಾವೇ ತೀರ್ಮಾನಿಸಿ, ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾದಾಗಲೆಲ್ಲ ಸುರಿಯುತ್ತಾ ಕಾಲ ಕಳೆದೆವು. ಮೇ ತಿಂಗಳಲ್ಲಿ ವಯಸ್ಸಾದ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ಬೆಂಗಳೂರಿಗೆ ಹೊರಟೆವು. ಹೆದ್ದಾರಿಯಲ್ಲಿ ಏನೂ ತಿಳಿಯಲಿಲ್ಲ. ಆಂಬೂರಿನ ಬಳಿ ಊಟಕ್ಕೆಂದು ವೇಗ ತಗ್ಗಿಸಿ ಬಲಕ್ಕೆ ತಿರುಗಿಸಲು ಹೋದಾಗ ಸ್ಟೀರಿಂಗ್ ಕಲ್ಲಿನಂತೆ ಬಿಗಿದಿತ್ತು. ಎದುರಿನಿಂದ ಲಾರಿ ಬರುತ್ತಿತ್ತು. ಎರಡೂ ಕೈಗಳ ಬಲ ಹಾಕಿ ಹೇಗೋ ಪಕ್ಕಕ್ಕೆ ಎಳೆದು ನಿಲ್ಲಿಸಿದೆವು. ಆ ಕ್ಷಣವನ್ನು ನೆನೆದರೆ ಇಂದಿಗೂ ಕೈ ನಡುಗುತ್ತದೆ. ಕಾರನ್ನು ಅಲ್ಲೇ ಬಿಟ್ಟು ಬಾಡಿಗೆ ವಾಹನದಲ್ಲಿ ಪ್ರಯಾಣ ಮುಂದುವರಿಸಬೇಕಾಯಿತು. ಈ ಬಾರಿ ಸೋರುತ್ತಿದ್ದುದು ನಿಜವಾಗಿಯೂ ರ‍್ಯಾಕೇ.

ಮೊದಲ ಬಾರಿ ನೋಡದೆ ನಂಬುವುದರಲ್ಲಿದ್ದೆವು, ಎರಡನೆಯ ಬಾರಿ ನೋಡದೆ ಅಲ್ಲಗಳೆದೆವು. ಎರಡೂ ಒಂದೇ ತಪ್ಪಿನ ಎರಡು ಮುಖಗಳು.

ರ‍್ಯಾಕ್ ಎಂದರೇನು?

ಸ್ಟೀರಿಂಗ್ ಚಕ್ರದ ದಂಡದ ಕೆಳತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ ಇರುತ್ತದೆ. ಅದು ಅಡ್ಡಲಾಗಿ ಮಲಗಿರುವ, ಹಲ್ಲುಗಳುಳ್ಳ ಒಂದು ಉಕ್ಕಿನ ಸರಳಿಗೆ ಹೊಂದಿಕೊಂಡಿರುತ್ತದೆ. ಆ ಸರಳೇ ರ‍್ಯಾಕ್. ನಾವು ಚಕ್ರ ತಿರುಗಿಸಿದಾಗ ಪಿನಿಯನ್ ಸುತ್ತಿ ಸರಳನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಸರಳಿನ ಎರಡು ತುದಿಗಳಲ್ಲಿರುವ ಟೈ ರಾಡುಗಳು ಮುಂದಿನ ಗಾಲಿಗಳನ್ನು ಹೊರಳಿಸುತ್ತವೆ. ಈ ವ್ಯವಸ್ಥೆ ನಮ್ಮ ಊರಿಗೆ ಹೊಸದೇನಲ್ಲ. 1961ರಿಂದ ಮದರಾಸಿನಲ್ಲೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ ಇದ್ದುದೂ ರ‍್ಯಾಕ್ ಮತ್ತು ಪಿನಿಯನ್ನೇ. ಅತ್ಯಂತ ಕಿರಿದಾದ ಜಾಗದಲ್ಲಿ ತಿರುಗುವುದಕ್ಕೆ ಆ ಕಾರು ಹೆಸರಾಗಿತ್ತು. ಇಂದು ಸ್ಟೀರಿಂಗ್ ಭಾಗಗಳ ತಯಾರಿಕೆಯಲ್ಲಿ ದೇಶದಾದ್ಯಂತ ಪರಿಚಿತವಾಗಿರುವ ರಾಣೆ ಸಮೂಹವೂ 1929ರಲ್ಲಿ ಇದೇ ಊರಿನಲ್ಲಿ ಆರಂಭವಾದದ್ದು.

ಹೆರಾಲ್ಡಿನ ಕಾಲದಲ್ಲಿ ಚಕ್ರ ತಿರುಗಿಸುವ ಬಲ ಪೂರ್ತಿ ಚಾಲಕನದೇ. ಎಣ್ಣೆಯ ಒತ್ತಡದ ನೆರವು ಪಡೆಯುವ ಪವರ್ ಸ್ಟೀರಿಂಗನ್ನು 1951ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಮೊದಲ ಬಾರಿಗೆ ಸಾಮಾನ್ಯ ಮಾರಾಟದ ಕಾರಿನಲ್ಲಿ ತಂದಿತು. ಇದರಲ್ಲಿ ಇಂಜಿನ್ ಬೆಲ್ಟಿನಿಂದ ತಿರುಗುವ ಒಂದು ಪಂಪು ಎಣ್ಣೆಯನ್ನು ಒತ್ತಡದಿಂದ ರ‍್ಯಾಕಿಗೆ ಕಳುಹಿಸುತ್ತದೆ. ಪಿನಿಯನ್ನಿನ ಬಳಿಯ ಕವಾಟವು ನಾವು ಯಾವ ಕಡೆಗೆ ತಿರುಗಿಸುತ್ತಿದ್ದೇವೆ ಎಂಬುದನ್ನರಿತು ಎಣ್ಣೆಯನ್ನು ಆ ಕಡೆಗೆ ಬಿಡುತ್ತದೆ. ಎಣ್ಣೆ ಸರಳಿನ ಮೇಲಿನ ಪಿಸ್ಟನ್ನನ್ನು ತಳ್ಳುತ್ತದೆ. ಈ ಎಣ್ಣೆ ಹೊರಬಾರದಂತೆ ಸರಳಿನ ಸುತ್ತ ಬಿಗಿಯಾಗಿ ಕೂತಿರುವ ರಬ್ಬರಿನ ಬಳೆಗಳೇ ಆಯಿಲ್ ಸೀಲುಗಳು. ಟೈರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡ ಸುಮಾರು 2.2 ಬಾರ್. ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ಈ ಎಣ್ಣೆಯ ಒತ್ತಡ 70ರಿಂದ 100 ಬಾರ್ ತನಕ ಏರಬಲ್ಲದು. ಇಷ್ಟು ಒತ್ತಡವನ್ನು ತಡೆಯುವ ಸೀಲಿನಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಎಣ್ಣೆ ಹೊರದಾರಿ ಕಂಡುಕೊಳ್ಳುತ್ತದೆ.

ಇಲ್ಲೊಂದು ಮುಖ್ಯವಾದ ಮಾತು. ಇತ್ತೀಚಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರು ಈ ನೆರವು ನೀಡುತ್ತದೆ. ಅಂಥ ಕಾರಿನಲ್ಲಿ ಪವರ್ ಸ್ಟೀರಿಂಗ್ ಎಣ್ಣೆಯೇ ಇಲ್ಲ. ಆದ್ದರಿಂದ ಸೋರಿಕೆಯ ಪ್ರಶ್ನೆಯೂ ಇಲ್ಲ. ಬಾನೆಟ್ ತೆರೆದು, ಸ್ಟೀರಿಂಗ್ ಚಕ್ರದ ಚಿತ್ರವಿರುವ ಮುಚ್ಚಳದ ಎಣ್ಣೆ ಡಬ್ಬಿ ಇದೆಯೇ ಎಂದು ನೋಡಿದರೆ ಅಥವಾ ಕಾರಿನೊಡನೆ ಬಂದ ಕೈಪಿಡಿಯನ್ನು ತೆರೆದರೆ ನಿಮ್ಮದು ಯಾವ ಬಗೆ ಎಂಬುದು ತಿಳಿಯುತ್ತದೆ.

ಚೆನ್ನೈನ ಮಳೆಗೂ ಸೀಲಿಗೂ ಏನು ಸಂಬಂಧ?

ರ‍್ಯಾಕಿನ ಎರಡು ತುದಿಗಳಿಗೂ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿರುವ ರಬ್ಬರ್ ಹೊದಿಕೆ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಬೂಟ್ ಎನ್ನುತ್ತಾರೆ. ಸರಳಿಗೆ ನೀರು, ಮಣ್ಣು ತಾಗದಂತೆ ಕಾಯುವುದೇ ಅದರ ಕೆಲಸ. ಬಿಸಿಲಿಗೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ರಸ್ತೆಯಲ್ಲಿ ನಿಂತ ಮಳೆನೀರಿನಲ್ಲಿ ಓಡಿಸಿದಾಗ ಆ ಬಿರುಕಿನ ಮೂಲಕ ನೀರೂ ಸಣ್ಣ ಮರಳೂ ಒಳಸೇರುತ್ತವೆ. ಹೊಳೆಯುವ ಸರಳಿನ ಮೇಲೆ ತುಕ್ಕಿನ ಚುಕ್ಕೆಗಳು ಏಳುತ್ತವೆ. ಕಡಲತೀರದ ಉಪ್ಪು ಗಾಳಿ ತುಕ್ಕನ್ನು ಇನ್ನಷ್ಟು ಬೇಗ ಬೆಳೆಸುತ್ತದೆ. ಬಳಿಕ ಪ್ರತಿ ತಿರುವಿನಲ್ಲೂ ಆ ಒರಟು ಸರಳು ಸೀಲಿನ ಮೂಲಕ ಹಿಂದೆ ಮುಂದೆ ಸರಿಯುತ್ತಾ ಅರದಂತೆ ಅದನ್ನು ತೇಯುತ್ತದೆ. ನಮ್ಮ ಕಾರಿನಲ್ಲಿ ನಡೆದದ್ದು ಇದೇ. ಕೆಲವು ನೂರು ರೂಪಾಯಿಗಳ ಬೂಟ್ ಹರಿದದ್ದನ್ನು ಗಮನಿಸದೆ ಹೋದದ್ದರಿಂದ ಇಡೀ ರ‍್ಯಾಕ್ ಹಾಳಾಯಿತು.

ಸೋರಿಕೆಯ ಮೂಲವನ್ನು ಕಂಡುಹಿಡಿಯುವ ಬಗೆ

ಮೊದಲು, ಸೋರುತ್ತಿರುವುದು ಏನೆಂದು ತಿಳಿಯಬೇಕು. ರಾತ್ರಿ ಕಾರಿನ ಮುಂಭಾಗದ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ, ಬೆಳಿಗ್ಗೆ ಕಲೆಯನ್ನು ನೋಡಿ. ಬಣ್ಣವಿಲ್ಲದ ಶುದ್ಧ ನೀರಾಗಿದ್ದರೆ ಅದು ಏಸಿಯ ನೀರು. ಚೆನ್ನೈನ ಸೆಕೆಯಲ್ಲಿ ಅದು ಸಹಜ, ಚಿಂತೆ ಬೇಡ. ಕಪ್ಪಾಗಿ ಮಂದವಾಗಿದ್ದರೆ ಇಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ ನೀರಿನಂತಿದ್ದರೆ ರೇಡಿಯೇಟರಿನ ಕೂಲೆಂಟ್. ಗಾಲಿಯ ಒಳಬದಿಯಲ್ಲಿ ತಿಳಿಹಳದಿ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಆಗಿರಬಹುದು. ಆಗ ಕಾರನ್ನು ಕದಲಿಸಲೇಬಾರದು. ಪವರ್ ಸ್ಟೀರಿಂಗಿನ ಎಣ್ಣೆ ಹಲವು ಕಾರುಗಳಲ್ಲಿ ಕೆಂಪು, ಹಳೆಯದಾದಂತೆ ಕಂದು. ಡಬ್ಬಿಯಲ್ಲಿರುವ ಎಣ್ಣೆಯ ಬಣ್ಣಕ್ಕೆ ಹೋಲಿಸಿದರೆ ಸಂದೇಹ ಪರಿಹಾರವಾಗುತ್ತದೆ.

ಎರಡನೆಯದಾಗಿ, ಸೋರುವ ಸ್ಥಳ. ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಿರಬೇಕೆಂದಿಲ್ಲ. ಅದು ಮೇಲಿನಿಂದ ಹರಿದು ಬಂದಿರಬಹುದು. ಡಬ್ಬಿ, ಪಂಪು, ಒತ್ತಡದ ಪೈಪು, ಹಿಂತಿರುಗುವ ಪೈಪು, ಪಿನಿಯನ್ನಿನ ಮೇಲಿನ ಸೀಲು, ರ‍್ಯಾಕಿನ ತುದಿಯ ಸೀಲುಗಳು – ಹೀಗೆ ಮೇಲಿನಿಂದ ಕೆಳಕ್ಕೆ ಕ್ರಮವಾಗಿ ನೋಡಿಕೊಂಡು ಬರಬೇಕು. ಮೊದಲು ಎಲ್ಲವನ್ನೂ ಚೆನ್ನಾಗಿ ತೊಳೆದು ಒಣಗಿಸುವುದು ಕಡ್ಡಾಯ. ಬಳಿಕ ಸಂಶಯವಿರುವ ಜಾಗಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ ಇಂಜಿನ್ ಚಾಲೂ ಮಾಡಿಸಿ, ಒಬ್ಬರು ಚಕ್ರವನ್ನು ಎಡಬಲಕ್ಕೆ ತಿರುಗಿಸುತ್ತಿರಲಿ. ಇಂಜಿನ್ ನಿಲ್ಲಿಸಿದ ಮೇಲೆ ನೋಡಿದರೆ ಪೌಡರು ಒದ್ದೆಯಾದ ಗೆರೆಯೇ ದಾರಿ ತೋರಿಸುತ್ತದೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಎಣ್ಣೆಗೆ ವಿಶೇಷ ಬಣ್ಣ ಬೆರೆಸಿ ನೇರಳಾತೀತ ದೀಪದಲ್ಲಿ ನೋಡುವ ಕ್ರಮವೂ ಇದೆ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಪಂಪಿಗೆ ಹಾನಿ.

ಮೂರನೆಯದು ನಿರ್ಣಾಯಕ ಪರೀಕ್ಷೆ. ಕಾರನ್ನು ಲಿಫ್ಟಿನ ಮೇಲೇರಿಸಿ, ಇಂಜಿನ್ ನಿಂತಿರುವಾಗ, ರ‍್ಯಾಕಿನ ಎರಡೂ ಬೂಟುಗಳನ್ನು ಕೈಯಿಂದ ಹಿಚುಕಿ ನೋಡಬೇಕು. ಒಳಗೆ ಅಲ್ಪಸ್ವಲ್ಪ ಗ್ರೀಸ್ ಇರುವುದು ಸಹಜ. ಆದರೆ ತೆಳುವಾದ ಎಣ್ಣೆ ತುಂಬಿ ತುಳುಕುತ್ತಿದ್ದರೆ, ಕ್ಲಿಪ್ಪು ಸಡಿಲಿಸಿದೊಡನೆ ಸುರಿದರೆ, ರ‍್ಯಾಕಿನ ಸೀಲು ಹೋಗಿದೆ ಎಂಬುದರಲ್ಲಿ ಸಂಶಯವಿಲ್ಲ. ಬೂಟು ಒಣಗಿದ್ದು ಹೊರಗಡೆ ಮಾತ್ರ ಎಣ್ಣೆ ಇದ್ದರೆ, ಮೇಲಿನ ಪೈಪುಗಳನ್ನು ಪರೀಕ್ಷಿಸದೆ ಯಾವ ತೀರ್ಮಾನಕ್ಕೂ ಬರಬಾರದು. ಕೆಲವು ಕಾರುಗಳಲ್ಲಿ ಎರಡು ಬೂಟುಗಳ ನಡುವೆ ಗಾಳಿಯಾಡಲು ಸಣ್ಣ ನಳಿಕೆ ಇರುವುದರಿಂದ ಒಂದು ಕಡೆಯ ಎಣ್ಣೆ ಇನ್ನೊಂದು ಕಡೆಗೂ ಹೋಗಬಹುದು. ಈ ಪರೀಕ್ಷೆಯನ್ನು ನಿಮ್ಮ ಎದುರಿನಲ್ಲೇ ಮಾಡಿ ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ಪ್ರಾಮಾಣಿಕ ಮೆಕ್ಯಾನಿಕ್ ಸಂತೋಷದಿಂದಲೇ ತೋರಿಸುತ್ತಾರೆ.

ಎಣ್ಣೆ ಸುರಿಯುತ್ತಾ ಓಡಿಸಿದರೆ ಏನಾಗುತ್ತದೆ?

ನೆರವು ಹೋದರೂ ಪಿನಿಯನ್ ಮತ್ತು ಸರಳಿನ ಜೋಡಣೆ ಹಾಗೆಯೇ ಇರುವುದರಿಂದ ಬಲ ಹಾಕಿದರೆ ಕಾರು ತಿರುಗುತ್ತದೆ. ಆದರೆ ಅಪಾಯ ಬೇರೆ ಕಡೆ ಅಡಗಿದೆ. ವೇಗವಾಗಿ ಹೋಗುವಾಗ ಸ್ಟೀರಿಂಗಿಗೆ ಹೆಚ್ಚು ಬಲ ಬೇಕಾಗುವುದಿಲ್ಲ. ಹೀಗಾಗಿ ಎಣ್ಣೆ ಖಾಲಿಯಾದದ್ದು ಹೆದ್ದಾರಿಯಲ್ಲಿ ಗಮನಕ್ಕೇ ಬಾರದು. ನಿಧಾನಿಸಿ ತಿರುಗಿಸುವ ಕ್ಷಣದಲ್ಲಿ ಏಕಾಏಕಿ ಭಾರ ತಿಳಿಯುತ್ತದೆ. ಆಂಬೂರಿನಲ್ಲಿ ನಮಗಾದದ್ದು ಇದೇ. ತೋಳಿನಲ್ಲಿ ಶಕ್ತಿ ಕಡಿಮೆ ಇರುವ ಹಿರಿಯರು ಚಾಲಕರಾಗಿದ್ದರೆ ಪರಿಣಾಮ ಊಹಿಸಲೂ ಭಯವಾಗುತ್ತದೆ. ಇದಲ್ಲದೆ ಎಣ್ಣೆಯಿಲ್ಲದೆ ತಿರುಗುವ ಪಂಪು ಬೇಗನೆ ಸವೆದು, ಲೋಹದ ಪುಡಿಯನ್ನು ವ್ಯವಸ್ಥೆಯ ತುಂಬ ಹರಡುತ್ತದೆ. ಬಿಸಿಯಾದ ಸೈಲೆನ್ಸರ್ ಕೊಳವೆಯ ಮೇಲೆ ಎಣ್ಣೆ ಬಿದ್ದರೆ ಹೊಗೆ, ಕೆಲವೊಮ್ಮೆ ಬೆಂಕಿಯ ಸಂಭವವೂ ಉಂಟು. ತಿರುಗಿಸುವಾಗ ಗುಂಯ್‌ಗುಡುವ ನರಳಾಟದ ಸದ್ದು ಕೇಳಿದರೆ, ಡಬ್ಬಿಯಲ್ಲಿ ನೊರೆ ಕಂಡರೆ, ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದೆ ಎಂದರ್ಥ.

ಸೋರಿಕೆ ನಿಲ್ಲಿಸುವುದೆಂದು ಮಾರುವ ಬಾಟಲಿ ದ್ರವಗಳು ಒಣಗಿದ ರಬ್ಬರನ್ನು ಕೆಲಕಾಲ ಮೃದುಗೊಳಿಸಬಲ್ಲವು. ತುಕ್ಕು ಹಿಡಿದ ಸರಳಿಗೆ ಅವುಗಳಿಂದ ಏನೂ ಪ್ರಯೋಜನವಿಲ್ಲ. ಬ್ರೇಕ್ ಆಯಿಲನ್ನಂತೂ ಈ ಡಬ್ಬಿಗೆ ಎಂದೂ ಹಾಕಬಾರದು. ಅದು ಸೀಲುಗಳನ್ನೇ ಕೆಡಿಸುತ್ತದೆ.

ದುರಸ್ತಿಯೋ, ಬದಲಾವಣೆಯೋ?

ರ‍್ಯಾಕ್ ಸೋರುತ್ತಿರುವುದು ಖಚಿತವಾದ ಮೇಲೆ ಮೂರು ದಾರಿಗಳಿವೆ. ಸರಳು ನುಣುಪಾಗಿದ್ದು ಸೀಲು ಮಾತ್ರ ಹಳೆಯದಾಗಿದ್ದರೆ, ನುರಿತವರ ಕೈಯಲ್ಲಿ ಹೊಸ ಸೀಲುಗಳ ಕಿಟ್ ಹಾಕಿಸಬಹುದು, ಖರ್ಚು ಕಡಿಮೆ. ಸರಳಿನ ಮೇಲೆ ಉಗುರು ಆಡಿಸಿ ನೋಡಿ. ಉಗುರಿಗೆ ಗುಳಿ ಅಥವಾ ಗೀರು ತಡೆದರೆ ಹೊಸ ಸೀಲೂ ಬೇಗನೆ ಹರಿಯುತ್ತದೆ, ಹಾಕಿದ ಹಣ ವ್ಯರ್ಥ. ಎರಡನೆಯದು ಬಳಸಿದ ರ‍್ಯಾಕ್. ಚೆನ್ನೈನ ಪುದುಪೇಟೆ ಹಳೆಯ ವಾಹನ ಭಾಗಗಳಿಗೆ ಪ್ರಸಿದ್ಧ. ಆದರೆ ಆ ರ‍್ಯಾಕ್ ಹಿಂದೆ ಎಷ್ಟು ನೀರು ಕಂಡಿದೆಯೋ ಬಲ್ಲವರಾರು? ಬೂಟು ಸರಿಸಿ ಸರಳನ್ನು ನೋಡದೆ ಕೊಳ್ಳಬಾರದು. ಮೂರನೆಯದು ಹೊಸ ರ‍್ಯಾಕ್. ಅಣ್ಣಾ ಸಾಲೈಗೆ ಹೊಂದಿಕೊಂಡ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಹೊಸ ಭಾಗಗಳ ಅಂಗಡಿಗಳ ಸಾಲೇ ಇದೆ. ಕಾರಿನ ಚಾಸಿಸ್ ಸಂಖ್ಯೆ ಬರೆದುಕೊಂಡು ಹೋಗಿ, ಬಿಲ್ಲು ಮತ್ತು ವಾರಂಟಿ ಪಡೆದು ಕೊಳ್ಳುವುದು ಕ್ಷೇಮ. ನಮ್ಮ ಕಾರಿನ ಸರಳು ಗುಳಿಬಿದ್ದಿದ್ದರಿಂದ ನಾವು ಹೊಸದನ್ನೇ ಆರಿಸಿಕೊಂಡೆವು.

ಬದಲಾಯಿಸುವಾಗ ಗಮನಿಸಬೇಕಾದದ್ದು

ಈ ಕೆಲಸ ಮನೆಯಂಗಳದಲ್ಲಿ ಮಾಡುವಂಥದಲ್ಲ. ಆದರೆ ಏನು ನಡೆಯಬೇಕೆಂದು ನಮಗೆ ತಿಳಿದಿದ್ದರೆ ಕೆಲಸ ಸರಿಯಾಗಿ ನಡೆಯುತ್ತದೆ.

ಮೊದಲು ಗಾಲಿಗಳನ್ನು ನೇರವಾಗಿಸಿ ಸ್ಟೀರಿಂಗ್ ಚಕ್ರ ಅಲುಗಾಡದಂತೆ ಕಟ್ಟಬೇಕು, ಬ್ಯಾಟರಿಯ ಸಂಪರ್ಕ ತೆಗೆಯಬೇಕು. ರ‍್ಯಾಕಿನಿಂದ ಬೇರ್ಪಟ್ಟ ಚಕ್ರ ಸುಮ್ಮನೆ ಸುತ್ತಿದರೆ ಅದರೊಳಗಿನ ಏರ್‌ಬ್ಯಾಗಿನ ಸುರುಳಿ ತಂತಿ ತುಂಡಾಗುತ್ತದೆ. ಕಾರನ್ನು ಲಿಫ್ಟಿನ ಮೇಲೆ ಅಥವಾ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರಿಯ ಜ್ಯಾಕನ್ನು ನಂಬಿ ಯಾರೂ ಕೆಳಗೆ ನುಸುಳಬಾರದು. ಟೈ ರಾಡಿನ ತುದಿಗಳನ್ನು ಬಿಚ್ಚುವ ಮುನ್ನ ಅಳತೆ ಗುರುತು ಹಾಕಿಕೊಳ್ಳಬೇಕು, ಸ್ಟೀರಿಂಗ್ ದಂಡದ ಜೋಡಣೆಗೂ ಗುರುತು ಬೇಕು. ಹಳೆಯ ಎಣ್ಣೆ ತೆಗೆದು ಡಬ್ಬಿ, ಪೈಪುಗಳನ್ನು ತೊಳೆಯದೆ ಹೊಸ ರ‍್ಯಾಕ್ ಜೋಡಿಸಿದರೆ ಹಳೆಯ ಕೊಳೆ ಹೊಸ ಸೀಲನ್ನು ತಿನ್ನುತ್ತದೆ. ಪೈಪುಗಳ ಕೂಡಿನಲ್ಲಿ ಹೊಸ ವಾಷರುಗಳನ್ನೇ ಹಾಕಿಸಿ. ಸವೆದ ಟೈ ರಾಡ್ ತುದಿಗಳಿದ್ದರೆ ಇದೇ ವೇಳೆ ಬದಲಾಯಿಸುವುದು ಲಾಭ.

ಜೋಡಿಸಿದ ಮೇಲೆ ಕೈಪಿಡಿ ಹೇಳಿದ ಎಣ್ಣೆಯನ್ನೇ ತುಂಬಿ, ಗಾಳಿ ಹೊರತೆಗೆಯಬೇಕು. ಮುಂದಿನ ಗಾಲಿಗಳು ನೆಲ ಬಿಟ್ಟಿರುವಾಗ, ಇಂಜಿನ್ ಚಾಲೂ ಮಾಡದೆ, ಚಕ್ರವನ್ನು ನಿಧಾನವಾಗಿ ಎರಡೂ ಕೊನೆಗಳಿಗೆ ಹತ್ತು ಹದಿನೈದು ಬಾರಿ ತಿರುಗಿಸುತ್ತಾ ಎಣ್ಣೆ ಇಳಿದಂತೆಲ್ಲ ತುಂಬಬೇಕು. ಗುಳ್ಳೆಗಳು ನಿಂತ ಮೇಲೆಯೇ ಇಂಜಿನ್ ಚಾಲನೆ. ಕೊನೆಯದಾಗಿ ವೀಲ್ ಅಲೈನ್‌ಮೆಂಟ್. ಇದನ್ನು ಬಿಟ್ಟರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಹೊಸ ಟೈರೂ ಕೆಲವೇ ತಿಂಗಳಲ್ಲಿ ಒಂದು ಅಂಚಿನಲ್ಲಿ ಸವೆಯುತ್ತದೆ. ನೂರು ಕಿಲೋಮೀಟರು ಓಡಿಸಿದ ಬಳಿಕ ಎಣ್ಣೆಯ ಮಟ್ಟವನ್ನೂ ಬೂಟುಗಳನ್ನೂ ಇನ್ನೊಮ್ಮೆ ಪರೀಕ್ಷಿಸಿ. ದೂರ ಪ್ರಯಾಣದ ಹಿಂದಿನ ದಿನ ಈ ಕೆಲಸ ಮಾಡಿಸದೆ, ಒಂದು ವಾರ ಮುಂಚಿತವಾಗಿಯೇ ಮಾಡಿಸುವುದು ಒಳ್ಳೆಯದು. ಹಳೆಯ ರ‍್ಯಾಕನ್ನು ಕೇಳಿ ಪಡೆದು ನೋಡಿ. ನಮ್ಮದನ್ನು ನೋಡಿದಾಗ, ಸರಳಿನ ಮೇಲೆ ಸಿಡುಬಿನ ಕಲೆಗಳಂತೆ ತುಕ್ಕಿನ ಗುಳಿಗಳು ಸಾಲುಗಟ್ಟಿದ್ದವು.

ಕೊನೆಯ ಮಾತು

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಚೆನ್ನೈನಲ್ಲಿ ಹೆಚ್ಚಿನ ಮಳೆ ಸುರಿಯುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮಳೆಗಾಲ ಮುಗಿದೊಡನೆ, ಸಂಕ್ರಾಂತಿಯ ಹೊತ್ತಿಗೆ, ಕಾರನ್ನು ಒಮ್ಮೆ ಲಿಫ್ಟಿನ ಮೇಲೇರಿಸಿ ಆ ಎರಡು ರಬ್ಬರ್ ಬೂಟುಗಳನ್ನು ಮುಟ್ಟಿ ನೋಡಿ. ಹರಿದಿದ್ದರೆ ಅಂದೇ ಬದಲಾಯಿಸಿ. ತಿಂಗಳಿಗೊಮ್ಮೆ ಡಬ್ಬಿಯ ಎಣ್ಣೆಯ ಮಟ್ಟ ನೋಡಿ. ಅದು ಮುಚ್ಚಿದ ವ್ಯವಸ್ಥೆ. ಎಣ್ಣೆ ತಾನಾಗಿ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಹೋಗುತ್ತಿದೆ ಎಂದೇ ಅರ್ಥ. ರ‍್ಯಾಕ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಸಿಟ್ಟಾಗದೆ, ಹೆದರದೆ, “ಎಲ್ಲಿಂದ ಸೋರುತ್ತಿದೆ, ತೋರಿಸಿ” ಎಂದು ಕೇಳಿ. ತೋರಿಸಿದರೆ ಮುಂದೂಡದೆ ಸರಿಪಡಿಸಿ.

ಅಂದು ಆಂಬೂರಿನ ಬಿಸಿಲಿನಲ್ಲಿ ಮರದ ನೆರಳಿಗೆ ಕೂತಿದ್ದ ನಮ್ಮ ತಾಯಿಯವರು ಒಂದೇ ಮಾತು ಹೇಳಿದರು: “ಗೊತ್ತಿದ್ದೂ ಹೊರಟೆಯಲ್ಲಪ್ಪ.” ಆ ಮಾತನ್ನು ಇನ್ನು ಯಾವ ಮನೆಯ ಮಗನೂ ಮಗಳೂ ಕೇಳುವಂತಾಗದಿರಲಿ. ಎಲ್ಲರಿಗೂ ಶುಭ ಪ್ರಯಾಣ.